ದಯಾಮರಣಕ್ಕೆ ಮೊದಲು ನೋವಿಗೆ ಮದ್ದು ಸಿಗಲಿ

ಮಾನ್ಯರೇ,

ದಯಾಮರಣಕ್ಕೆ ಕಾನೂನಿನ ಒಪ್ಪಿಗೆ ಇರಬೇಕೇ ಬೇಡವೇ ಎಂಬ ಚರ್ಚೆಯಲ್ಲಿ, ಸಾವನ್ನು ಕೇಳುವ ರೋಗಿಗೆ ನೋವು ಶಮನಗೊಳಿಸುವ ಆರೈಕೆ ನಿಜಕ್ಕೂ ಸಿಕ್ಕಿತ್ತೇ ಎಂಬ ಮುಖ್ಯ ಪ್ರಶ್ನೆಯೇ ಮರೆಯಾಗುತ್ತಿದೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ ವೈದ್ಯರು ನಿಗದಿತ ಷರತ್ತುಗಳಿಗೆ ಒಳಪಟ್ಟು ರೋಗಿಯ ಕೋರಿಕೆಯಂತೆ ಜೀವ ಕೊನೆಗೊಳಿಸಬಹುದು. ಅಮೆರಿಕದ ಒರೆಗಾನ್‌ನಲ್ಲಿ 1997ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಆರು ತಿಂಗಳೊಳಗೆ ಸಾವು ಖಚಿತವೆಂದು ಇಬ್ಬರು ವೈದ್ಯರು ದೃಢಪಡಿಸಿದ ರೋಗಿಯು ಜೀವ ಕೊನೆಗೊಳಿಸುವ ಮದ್ದನ್ನು ತಾನೇ ಸೇವಿಸಬೇಕು. ಈ ಎಲ್ಲ ಕಡೆಯೂ ಕಾನೂನು ನಿಂತಿರುವುದು ರೋಗಿಯ ಸ್ವತಂತ್ರ ನಿರ್ಧಾರದ ಮೇಲೆ.

ಆದರೆ ತಡೆಯಲಾಗದ ನೋವಿನಲ್ಲಿರುವವರ ನಿರ್ಧಾರ ಎಷ್ಟು ಸ್ವತಂತ್ರ? ಕ್ಯಾನ್ಸರ್ ಮೂಳೆಗೆ ಹರಡಿದ್ದ ನನ್ನ ಅಕ್ಕ, ಹೊದಿಕೆ ಕಾಲಿಗೆ ತಗುಲಿದರೂ ಚೀರುತ್ತಿದ್ದ ದಿನಗಳಲ್ಲಿ "ಮುಗಿಸಿಬಿಡಿ" ಎಂದು ಬೇಡಿಕೊಂಡಿದ್ದಳು. ನೋವಿನ ಚಿಕಿತ್ಸೆ ಬಲ್ಲ ವೈದ್ಯರೊಬ್ಬರು ನೋವು ನಿವಾರಕ ಮಾರ್ಫಿನ್ ಪ್ರಮಾಣವನ್ನು ಸರಿಪಡಿಸಿದ ಮೇಲೆ ಅದೇ ಅಕ್ಕ ಕಿಟಕಿ ತೆರೆಯಲು ಹೇಳಿ, ತಲೆ ಬಾಚಿಸಿಕೊಂಡಳು. ಕೊನೆಯವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎಲ್ಲರ ನೋವೂ ಹೀಗೆ ಇಳಿಯುತ್ತದೆಂದು ನಾನು ಹೇಳಲಾರೆ. ಇಳಿಯದವರ ಕೋರಿಕೆಯನ್ನು ಪಾಪವೆಂದು ತಳ್ಳಿಹಾಕುವುದೂ ಕ್ರೌರ್ಯವೇ. ಇನ್ನು ಮನೆಯವರಿಗೆ ಹೊರೆಯಾದೆನೆಂಬ ಸಂಕೋಚದಿಂದ ಬಂದ ಒಪ್ಪಿಗೆಯನ್ನು ಕಾಗದದ ಮೇಲಿನ ಸಹಿಯೊಂದೇ ಗುರುತಿಸಲಾರದು.

ಆದ್ದರಿಂದ ಇಂತಹ ಕಾನೂನು ರೂಪಿಸುವವರು, ಕೋರಿಕೆಯನ್ನು ಪರಿಗಣಿಸುವ ಮೊದಲು ಉಪಶಾಮಕ ಆರೈಕೆಯ (ನೋವು ಶಮನಗೊಳಿಸುವ ಆರೈಕೆಯ) ತಜ್ಞರು ರೋಗಿಯನ್ನು ಕಂಡು ಚಿಕಿತ್ಸೆಗೆ ಮುಂದಾಗುವುದನ್ನೂ, ಕುಟುಂಬದವರಿಲ್ಲದ ಸಮಯದಲ್ಲಿ ಒಮ್ಮೆಯಾದರೂ ರೋಗಿಯೊಡನೆ ಮಾತನಾಡುವುದನ್ನೂ ಕಡ್ಡಾಯಗೊಳಿಸಬೇಕು.

– ಓದುಗರೊಬ್ಬರು