ಹಾವು, ಹಲ್ಲಿ ನೋಡಲು ಮರಳುಗಾಡಿಗೆ ಹೊರಡುವವರು ಓದಿಬಿಡಿ

ಹಗಲಲ್ಲಿ ಸುಮ್ನೆ ಅಲೆಯುವುದು ಬೇಡ. ಬಿಸಿಲೇರಿದರೆ ಹಲ್ಲಿಗಳೂ ಪೊದೆಯ ನೆರಳು ಸೇರುತ್ತವೆ. ನಮ್ಮ ಕೆಲಸ ಶುರುವಾಗುವುದು ಹೊತ್ತು ಮುಳುಗಿದ ಮೇಲೆ. ಮರಳು ಬೇಗ ತಣ್ಣಗಾಗುತ್ತದೆ, ಡಾಂಬರು ಮಾತ್ರ ಬೆಚ್ಚಗೇ ಇರುತ್ತದೆ, ಹಾವುಗಳು ರಸ್ತೆ ಮೇಲೆ ಸಿಗುವುದು ಆಗಲೇ. ಗಂಟೆಗೆ 30 ಕಿ.ಮೀ. ದಾಟಬೇಡಿ. ಹಗ್ಗದ ತುಂಡಿನಂತೆ ಕಂಡದ್ದೆಲ್ಲ ಹಾವೇ ಅಂದುಕೊಳ್ಳಿ (ಹತ್ತಿರ ಹೋದರೆ ಹರಿದ ಟೈರಿನ ಚೂರೇ ಜಾಸ್ತಿ, ಇರಲಿ).

ಇಳಿಯುವಾಗ ಟಾರ್ಚ್, ಬೂಟು ಕಡ್ಡಾಯ. ಕೆಲವು ಮಂಡಲದ ಹಾವುಗಳು ಮರಳಲ್ಲಿ ಹುದುಗಿ ಕಣ್ಣಷ್ಟೇ ಹೊರಗಿಟ್ಟಿರುತ್ತವೆ. ಯಾವುದನ್ನೂ ಮುಟ್ಟಬೇಡಿ. ಎತ್ತಿದ ಕಲ್ಲನ್ನು ಇದ್ದಂತೆಯೇ ಇಡಿ, ಅದರಡಿ ಯಾರದೋ ಮನೆ ಇರುತ್ತದೆ ಅಲ್ವಾ?

ತಲೆಗೆ ದಿನಕ್ಕೆ 5 ಲೀಟರ್ ನೀರು, ಗಾಡಿಗೆ ಎರಡು ಸ್ಟೆಪ್ನಿ. ಸಿಗ್ನಲ್ ಸಿಗುವುದಿಲ್ಲ, ಮ್ಯಾಪ್ ಈಗಲೇ ಇಳಿಸಿಕೊಳ್ಳಿ. ಫೋಟೊ ಹಾಕುವಾಗ ಜಾಗದ ಹೆಸರು ಬೇಡ, ಹಿಡಿದು ಮಾರುವವರೂ ನೋಡುತ್ತಿರುತ್ತಾರೆ.