ಮೀರಾ ಬೆಳಗಿದಾಗ ಚಂದಾ ಕೊಡುವವರಿಗೆ, ಮತ್ತು ನಿಮಗೆಲ್ಲರಿಗೂ

ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ಆಕಾಶವೀಕ್ಷಣಾ ಸಂಘದ ಸದಸ್ಯತ್ವ ಕಾರ್ಯದರ್ಶಿಯ ಸ್ಥಾನಕ್ಕೆ ಮತ್ತೆ ನನ್ನ ಹೆಸರನ್ನೇ ಸೂಚಿಸಿದಿರಿ. ಅಲ್ಲಿಗೆ ನಾನು ಈ ಕೆಲಸ ಹಿಡಿದು ಹತ್ತು ವರ್ಷ ತುಂಬಿತು. ಮುಂದೆ ಕರೆದು ಎರಡು ಮಾತನಾಡಿ ಎಂದಾಗ ಗಂಟಲು ಕಟ್ಟಿತು. ‘ಎಲ್ಲರಿಗೂ ವಂದನೆ’ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಅಂದು ನಾಲಿಗೆಗೆ ಬಾರದ್ದನ್ನು ಇಂದು ಬರೆದು ಒಪ್ಪಿಸುತ್ತಿದ್ದೇನೆ.

2014ರಲ್ಲಿ ಈ ಜವಾಬ್ದಾರಿ ನನ್ನ ಕೈಗೆ ಬಂದಾಗ ನಮ್ಮಲ್ಲಿ ಸದಸ್ಯರ ಪಟ್ಟಿ ಒಂದಲ್ಲ, ಮೂರು ಇದ್ದವು. ಹಳೆಯ ನೋಂದಣಿ ಪುಸ್ತಕ ಒಂದು ಲೆಕ್ಕ ಹೇಳುತ್ತಿತ್ತು, ಖಜಾಂಚಿಯವರ ರಸೀದಿ ಪುಸ್ತಕ ಇನ್ನೊಂದು, ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟ ಹಾಳೆ ಮತ್ತೊಂದು. ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಮಹಾಸಭೆಗೆ ಮೂರನೇ ಒಂದರಷ್ಟು ಸದಸ್ಯರು ಹಾಜರಿರಬೇಕು ಎಂದು ನಮ್ಮ ಬೈಲಾ ಹೇಳುತ್ತದೆ. ಎಂದೋ ಊರು ಬಿಟ್ಟವರು, ವರ್ಷಗಟ್ಟಲೆ ಚಂದಾ ಕಟ್ಟದವರು ಪಟ್ಟಿಯಲ್ಲಿ ಉಳಿದುಕೊಂಡಿದ್ದರಿಂದ ಆ ಮೂರನೇ ಒಂದು ಎಂಬುದು ಯಾವತ್ತೂ ಕೈಗೆಟುಕದ ಸಂಖ್ಯೆಯಾಗಿತ್ತು. ಬಂದವರೆಲ್ಲ ಉತ್ಸಾಹಿಗಳೇ ಆಗಿದ್ದರೂ ಕೋರಂ ಇಲ್ಲವೆಂದು ಸಭೆಯನ್ನು ಎರಡು ಬಾರಿ ಮುಂದೂಡಬೇಕಾಯಿತು. ಆಗ ಖಜಾಂಚಿಯಾಗಿದ್ದ ಹಿರಿಯರು ಸತತ ಐದು ಭಾನುವಾರ ನನ್ನ ಪಕ್ಕದಲ್ಲಿ ಕುಳಿತು, ಒಂದೊಂದೇ ರಸೀದಿ ಓದಿ ಹೇಳಿ, ಮೂರು ಪಟ್ಟಿಗಳನ್ನು ಒಂದು ಮಾಡಿಸಿದರು. ‘ಹೆಸರು ಹೊಡೆದು ಹಾಕುವ ಮೊದಲು ಒಮ್ಮೆ ಫೋನ್ ಮಾಡಿ ಕೇಳು’ ಎಂದು ಅಂದು ಹೇಳಿಕೊಟ್ಟವರೂ ಅವರೇ. ಸರ್, ಆ ಮಾತನ್ನು ಇಂದಿಗೂ ಮೀರಿಲ್ಲ.

ಹಾಗೆ ಫೋನ್ ಮಾಡುವಾಗಲೇ ನನ್ನಿಂದ ದೊಡ್ಡ ತಪ್ಪೊಂದು ನಡೆಯಿತು. ನವೀಕರಣ ಬಾಕಿ ಇದೆ ಎಂದು ನೆನಪಿಸಲು ಒಬ್ಬ ಸದಸ್ಯರ ಮನೆಗೆ ಕರೆ ಮಾಡಿದೆ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಫೋನ್ ಎತ್ತಿದವರು ಅವರ ಪತ್ನಿ. ಏನು ಹೇಳಬೇಕೆಂದು ತೋಚದೆ ಮೌನವಾದೆ. ಸಂಘದಲ್ಲಿ ಒಬ್ಬರಿಗೂ ಸುದ್ದಿ ತಿಳಿದಿರಲಿಲ್ಲ ಎಂಬುದು ನಮ್ಮೆಲ್ಲರ ಲೋಪ, ಆದರೆ ಆ ಮನೆಗೆ ಬಾಕಿಯ ಮಾತು ಹೊತ್ತು ಹೋದ ದನಿ ನನ್ನದು. ಆ ತಾಯಿ ಸಿಡುಕಲಿಲ್ಲ. ‘ಅವರ ದೂರದರ್ಶಕ ಮಹಡಿಯ ಮೇಲೆ ಹಾಗೇ ಇದೆ, ನನಗೆ ನೋಡಲು ಬರುವುದಿಲ್ಲ, ಯಾರಾದರೂ ಕಲಿಸುತ್ತೀರಾ?’ ಎಂದು ಕೇಳಿದರು. ಅಮ್ಮಾ, ಮುಂದಿನ ತಿಂಗಳೇ ನೀವು ನಮ್ಮ ಸದಸ್ಯರಾದಿರಿ. ಮೊದಲ ಸಲ ಶನಿಯ ಉಂಗುರ ಕಂಡಾಗ ನೀವು ತುಂಬ ಹೊತ್ತು ಕಣ್ಣು ತೆಗೆಯದೆ ನಿಂತಿದ್ದನ್ನು ನಾನು ಮರೆತಿಲ್ಲ. ಅಂದಿನಿಂದ ಪಟ್ಟಿಯಲ್ಲಿ ಒಂದು ಹೊಸ ಅಂಕಣ ಮಾಡಿಕೊಂಡಿದ್ದೇನೆ: ‘ಕೊನೆಯ ಸಲ ಯಾವಾಗ ಮಾತನಾಡಿಸಿದ್ದು?’ ಆ ಅಂಕಣದಲ್ಲಿ ಮೂರು ತಿಂಗಳು ಖಾಲಿ ಕಂಡರೆ ಕರೆ ಹೋಗುತ್ತದೆ. ಆ ಕರೆಯಲ್ಲಿ ಚಂದಾದ ಪ್ರಸ್ತಾಪ ಇರುವುದಿಲ್ಲ.

ಹೊಸಬರ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಸಂಘ ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ವರ್ಷದಲ್ಲೇ ಬಿಟ್ಟರು, ಅದೂ ಮೊದಲ ಎರಡು ಮೂರು ಸಂಜೆಗಳಲ್ಲಿ. ಕಾರಣ ಬಹಳ ಸಲ ಒಂದು ಬೆಳಕು! ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹೊಸದಾಗಿ ಬಂದವರು ಎಡವದಿರಲೆಂದು ಮೊಬೈಲಿನ ಬಿಳಿ ದೀಪ ಹಾಕಿದರೆ ಎಲ್ಲರ ಅರ್ಧ ಗಂಟೆಯ ತಾಳ್ಮೆ ಕ್ಷಣದಲ್ಲಿ ಹಾಳಾಗುತ್ತದೆ. ಯಾರೋ ಗದರುತ್ತಾರೆ. ಗದರಿಸಿಕೊಂಡವರು ಮತ್ತೆ ಬರುವುದಿಲ್ಲ. ಇದನ್ನು ಸಭೆಯಲ್ಲಿ ಎತ್ತಿದಾಗ ಹಿರಿಯ ವೀಕ್ಷಕರು ಬೇಸರಿಸಿಕೊಳ್ಳಬಹುದೆಂದು ಅಂಜಿದ್ದೆ. ಅವರೇ ಮರುತಿಂಗಳು ಕೆಂಪು ಸೆಲ್ಲೋಫೇನ್ ಹಾಳೆಯ ತುಣುಕುಗಳನ್ನು ಕತ್ತರಿಸಿ ತಂದರು. ಮಂದ ಬೆಳಕಿನಲ್ಲಿ ದುಡಿಯುವ ನಮ್ಮ ಕಣ್ಣಿನ ರಾಡ್ ಕೋಶಗಳು ಕೆಂಪು ಬೆಳಕಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ ಎಂದು ವಿವರಿಸುತ್ತ, ಬಾಗಿಲಲ್ಲೇ ನಿಂತು ಬಂದವರ ಮೊಬೈಲಿಗೆ ತಾವೇ ಅಂಟಿಸಿದರು. ಹೆಸರು ಕೇಳಿದರು, ಮೊದಲು ಏನು ನೋಡಬೇಕು ಎಂದು ಕೇಳಿದರು. ಆ ವರ್ಷ ಸೇರಿದ ಹತ್ತೊಂಬತ್ತು ಮಂದಿಯಲ್ಲಿ ಹದಿನಾರು ಮಂದಿ ಮರುವರ್ಷವೂ ಇದ್ದರು. ಈ ಯಶಸ್ಸನ್ನು ಸಭೆಯಲ್ಲಿ ನನ್ನ ಲೆಕ್ಕಕ್ಕೆ ಹಾಕಿದಿರಿ. ಅದು ಬಾಗಿಲಲ್ಲಿ ನಿಂತವರ ಲೆಕ್ಕಕ್ಕೆ ಹೋಗಬೇಕು.

ಇನ್ನು ಮೀರಾ ನಕ್ಷತ್ರದವರು. ತಿಮಿಂಗಿಲ ನಕ್ಷತ್ರಪುಂಜದ ಈ ಚಂಚಲ ತಾರೆ ಸುಮಾರು 332 ದಿನಕ್ಕೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ, ಮತ್ತೆ ಕಣ್ಮರೆಯಾಗುತ್ತದೆ. ನಮ್ಮ ಸದಸ್ಯರೊಬ್ಬರು 1986ರಲ್ಲಿ ಹ್ಯಾಲಿ ಧೂಮಕೇತು ನೋಡಿ ಆಕಾಶಕ್ಕೆ ಮನಸೋತವರು, ಅಂದಿನಿಂದ ಮೀರಾದ ಕಾಂತಿಯನ್ನು ಬರೆದಿಡುತ್ತ ಬಂದವರು. ವಾರ್ಷಿಕ ಚಂದಾ ಕೊಡಲು ಅವರಿಗೆ ನಮ್ಮ ಪತ್ರ ಬೇಕಿಲ್ಲ. ‘ಮೀರಾ ಬೆಳಗಿತು, ರಸೀದಿ ಬರೆಯಿರಿ’ ಎಂದು ತಾವೇ ಬರುತ್ತಾರೆ. ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗುವ ವರ್ಷಗಳಲ್ಲಿ ಲೆಕ್ಕ ಹಾಕಿ ದಿನ ಹಿಡಿದು ಬರುತ್ತಾರೆ. ಹೀಗಾಗಿ ಪ್ರತಿ ಸಲ ತಿಂಗಳಷ್ಟು ಮೊದಲೇ ಹಣ ಬರುತ್ತಿತ್ತು. ಹತ್ತು ವರ್ಷದ ಲೆಕ್ಕ ತೆಗೆದಾಗ ನೋಡಿದರೆ ಹನ್ನೊಂದು ರಸೀದಿ! 332ನ್ನು ಹನ್ನೊಂದರಿಂದ ಗುಣಿಸಿದರೆ 3652, ಸರಿಯಾಗಿ ಹತ್ತು ವರ್ಷದ ದಿನಗಳು. ಹೆಚ್ಚಿನ ಹಣವನ್ನು ಮರಳಿಸಲು ಹೋದರೆ, ಶುಲ್ಕ ಕಟ್ಟಲಾಗದ ವಿದ್ಯಾರ್ಥಿ ಒಬ್ಬರ ಹೆಸರಿಗೆ ಬರೆಯಿರಿ ಎಂದರು. ಬರೆದಿದ್ದೇನೆ. ಆ ವಿದ್ಯಾರ್ಥಿ ಯಾರೆಂದು ಅವರು ಇದುವರೆಗೂ ಕೇಳಿಲ್ಲ.

2020ರಲ್ಲಿ ನಾವು ಒಂದೆಡೆ ಸೇರುವಂತಿರಲಿಲ್ಲ. ಸಭೆಯೂ ಇಲ್ಲ, ವೀಕ್ಷಣೆಯೂ ಇಲ್ಲ, ಚಂದಾ ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ. ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು 1623ರ ಬಳಿಕ ಮೊದಲ ಬಾರಿಗೆ ಅಷ್ಟು ಸಮೀಪ, ಚಂದ್ರಬಿಂಬದ ಐದನೇ ಒಂದರಷ್ಟು ಅಂತರದಲ್ಲಿ ಕಂಡವು. ನೀವೆಲ್ಲ ನಿಮ್ಮ ನಿಮ್ಮ ಮಹಡಿಗಳಿಂದ ನೋಡುತ್ತ ಒಬ್ಬರಿಗೊಬ್ಬರು ಕರೆ ಮಾಡಿ, ಒಂದೇ ನೋಟದಲ್ಲಿ ಉಂಗುರವೂ ಕಂಡಿತು, ಉಪಗ್ರಹಗಳೂ ಕಂಡವು ಎಂದು ಕೂಗಿ ಹೇಳಿದಿರಿ. ನನ್ನ ಫೋನ್ ಅಂದು ಬಿಡುವಿಲ್ಲದೆ ಬಡಿದುಕೊಂಡಿತು. ಆ ವರ್ಷದ ನವೀಕರಣ ಹಿಂದಿನ ವರ್ಷಕ್ಕಿಂತ ನಾಲ್ಕು ಮಾತ್ರ ಕಡಿಮೆ.

2023ರ ನಡುವಿನಲ್ಲಿ ನಾನು ಆಸ್ಪತ್ರೆ ಸೇರಿದೆ. ಕಾಯಿಲೆಯ ವಿವರ ಇಲ್ಲಿ ಬೇಡ. ಐದು ತಿಂಗಳು ಹಾಸಿಗೆಯೇ ಗತಿಯಾಯಿತು. ಪಟ್ಟಿಯ ಕಡತ ತೆರೆಯುವ ಗುಪ್ತಪದ ನನ್ನೊಬ್ಬಳಿಗೇ ಗೊತ್ತಿತ್ತು. ಯಾರ ವಿಳಾಸ ಬದಲಾಗಿದೆ, ಯಾರಿಗೆ ಎರಡು ಕಂತಿನಲ್ಲಿ ಕಟ್ಟಲು ಒಪ್ಪಿದ್ದೇವೆ ಎಂಬುದೆಲ್ಲ ನನ್ನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ಅದನ್ನು ನಿಷ್ಠೆ ಎಂದು ನಂಬಿಕೊಂಡಿದ್ದೆ, ಅದು ಸಂಘಕ್ಕೆ ಅಪಾಯವೆಂದು ಮಲಗಿದ ಮೇಲೆ ತಿಳಿಯಿತು. ಮೂವರು ಯುವ ಸದಸ್ಯರು ನನ್ನನ್ನು ದಣಿಸದಂತೆ ದಿನಕ್ಕೆ ಹತ್ತೇ ನಿಮಿಷ ಪಕ್ಕದಲ್ಲಿ ಕುಳಿತು, ಒಂದೊಂದು ಹೆಸರಿನ ಸಂಗತಿಯನ್ನೂ ಕೇಳಿ ಬರೆದುಕೊಂಡರು. ಹೊಸಬರನ್ನು ಮಾತನಾಡಿಸುವುದು ಒಬ್ಬರಿಗೆ, ನವೀಕರಣ ಇನ್ನೊಬ್ಬರಿಗೆ, ಪಟ್ಟಿ ಮೂರನೆಯವರಿಗೆ ಎಂದು ಹಂಚಿಕೊಂಡರು. ‘ಕೊನೆಯ ಸಲ ಯಾವಾಗ ಮಾತನಾಡಿಸಿದ್ದು?’ ಎಂಬ ಅಂಕಣದಲ್ಲಿ ನನ್ನ ಹೆಸರಿನ ಮುಂದೆ ವಾರಕ್ಕೆರಡು ದಿನಾಂಕಗಳಿದ್ದವು. ಅದನ್ನು ಕಂಡು ಅತ್ತಿದ್ದೇನೆ. ಪಟ್ಟಿ ನೋಡಿಕೊಳ್ಳುವವಳ ಹೆಸರೂ ಪಟ್ಟಿಯಲ್ಲಿದೆ ಎಂಬುದು ನನಗೆ ಎಂದೂ ಹೊಳೆದಿರಲಿಲ್ಲ.

ನಾನು ಮತ್ತೆ ಮೈದಾನಕ್ಕೆ ಬಂದದ್ದು ಆ ವರ್ಷದ ಡಿಸೆಂಬರ್ 9ರಂದು, ಅಮಾವಾಸ್ಯೆಗೆ ಮುಂಚಿನ ಶನಿವಾರ. ಹ್ಯಾಲಿ ಧೂಮಕೇತು ಸೂರ್ಯನಿಂದ ಅತಿ ದೂರದ ಬಿಂದುವನ್ನು, ನೆಪ್ಚೂನ್ ಕಕ್ಷೆಗೂ ಆಚೆ, ಮುಟ್ಟಿ ಹಿಂತಿರುಗಿದ ದಿನವದು. ನಮ್ಮ ಯಾವ ದೂರದರ್ಶಕಕ್ಕೂ ಅದು ಕಾಣುವಂತಿರಲಿಲ್ಲ. ಆದರೂ ಮೀರಾದವರು ಹೈಡ್ರಾ ನಕ್ಷತ್ರಪುಂಜದ ಕಡೆ ಕೈ ತೋರಿಸಿ, ‘ಅಗೋ, ಅಲ್ಲಿಂದ ಹೊರಟಿದೆ’ ಎಂದರು. ನನಗೊಂದು ಕುರ್ಚಿ ತಂದಿಟ್ಟಿದ್ದಿರಿ. ಯಾರೂ ಆರೋಗ್ಯದ ಮಾತೆತ್ತದೆ, ನಡುನಡುವೆ ಬಂದು ಹೊದಿಕೆ ಸರಿಪಡಿಸಿ ಹೋದಿರಿ.

ಮಹಾಸಭೆಯಲ್ಲಿ ಮತ್ತೆ ಒಪ್ಪಿಕೊಂಡದ್ದು ಆ ಮೂವರೂ ಜೊತೆಗಿರುತ್ತಾರೆ ಎಂಬ ಷರತ್ತಿನ ಮೇಲೆ. ಗುಪ್ತಪದ ಈಗ ನಾಲ್ವರ ಬಳಿ ಇದೆ. ಕೆಲಸದ ವಿವರವನ್ನು ಹನ್ನೆರಡು ಪುಟಗಳಲ್ಲಿ ಬರೆದು ನೋಂದಣಿ ಪುಸ್ತಕದೊಳಗೆ ಇಟ್ಟಿದ್ದೇವೆ.

ಸಭೆ ಮುಗಿದ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಆಜೀವ ಸದಸ್ಯತ್ವದ ಅರ್ಜಿ ಹಿಡಿದು ಬಂದಳು. ‘ಹ್ಯಾಲಿ 2061ಕ್ಕೆ ಬರುತ್ತದಂತೆ, ಆಗಲೂ ಇದು ನಡೆಯುತ್ತದಾ?’ ಎಂದು ಕೇಳಿದಳು. ನಡೆಯುತ್ತದೆ ಎಂದೆ. ಅರ್ಜಿಯಲ್ಲಿ ಪೋಷಕರ ಸಹಿ ಮಾತ್ರ ಬಿಟ್ಟುಹೋಗಿದೆ ಮಗಳೇ, ಮುಂದಿನ ಅಮಾವಾಸ್ಯೆಯ ಶನಿವಾರ ಹಾಕಿಸಿಕೊಂಡು ಬಾ. ನಾನು ಬಾಗಿಲ ಬಳಿಯೇ ಇರುತ್ತೇನೆ.