ಗಾಜಿನ ತಟ್ಟೆ ಬೇರೆ, ಬಾಯಿ ಬೇರೆ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ಪತ್ರಿಕೆಯ ತುಣುಕು ಹಾಕಿದ್ದರು. ಅಡಿಕೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ದಪ್ಪಕ್ಷರದ ತಲೆಬರಹ. ಇಂಥವು ಆಗಾಗ ಬರುತ್ತಲೇ ಇರುತ್ತವೆ. ಗುಂಪಿನ ತುಂಬ ಚಪ್ಪಾಳೆ. ನನ್ನ ಅಕ್ಕನ ಮಗ ಅದನ್ನು ನನಗೆ ತೋರಿಸಿ, "ನೋಡು ಮಾವ, ಡಾಕ್ಟರು ಸುಮ್ನೆ ಹೆದರಿಸ್ತಾರೆ" ಅಂದ. ಅಷ್ಟು ಹೇಳುವುದಕ್ಕೂ ಅವನಿಗೆ ಬಾಯಿ ಸರಿಯಾಗಿ ತೆರೆಯಲಿಲ್ಲ.

ಅವನಿಗೆ 26 ವರ್ಷ. ಬೀಡಿ, ಸಿಗರೇಟು, ತಂಬಾಕು ಯಾವುದೂ ಇಲ್ಲ. ಹೈಸ್ಕೂಲಿನಲ್ಲಿ ಸ್ವೀಟ್ ಸುಪಾರಿ ಹಿಡಿದ. ಆಮೇಲೆ ಅಡಿಕೆ ಸುಲಿಯುವ ಕಡೆ ಕೂತರೆ ಕೈಗೆ ಸಿಕ್ಕ ಹೋಳು ಬಾಯಿಗೆ. ಎರಡು ವರ್ಷದ ಹಿಂದೆ ದಾವಣಗೆರೆ ಪೇಟೆಯಲ್ಲಿ ಮಂಡಕ್ಕಿ ತಿಂದು ಮಿರ್ಚಿ ಪಕ್ಕಕ್ಕಿಟ್ಟ. ಬಾಯಿ ಉರಿಯುತ್ತೆ ಅಂದ. ನಮ್ಮ ಸೀಮೆಯ ಹುಡುಗ ಮಿರ್ಚಿ ಬಿಟ್ಟ ಅಂದರೆ ನಮಗೆ ಅವತ್ತೇ ಅನುಮಾನ ಬರಬೇಕಿತ್ತು. ಒಂದು ಕ್ಲಿನಿಕ್ಕಿನಲ್ಲಿ ಬಾಯಿಹುಣ್ಣು ಅಂತ ವಿಟಮಿನ್ ಮಾತ್ರೆ ಬರೆದುಕೊಟ್ಟರು, ಒಳಗೆ ಟಾರ್ಚ್ ಕೂಡ ಹಾಕಲಿಲ್ಲ. ಒಂದು ವರ್ಷ ಹಾಗೇ ಹೋಯಿತು. ಕೊನೆಗೆ ದಂತ ವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆ. ಅವನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹೋಗುತ್ತದಾ ನೋಡಿದರು. ಮೂರಿರಲಿ, ಎರಡು ಬೆರಳೂ ಹೋಗಲಿಲ್ಲ.

ಕೆನ್ನೆಯ ಒಳಗಿನಿಂದ ಅಕ್ಕಿ ಕಾಳಿನಷ್ಟು ಚೂರು ತೆಗೆದು ಪರೀಕ್ಷೆ ಮಾಡಿದರು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದರು, ಅಂದರೆ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆ. ಅಲ್ಲಿ ಓದುತ್ತಿದ್ದ ಡಾಕ್ಟರಮ್ಮ ಒಬ್ಬರು ಪುಣ್ಯಾತ್ಗಿತ್ತಿ, ನನ್ನನ್ನೂ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೇರಳೆ ಚುಕ್ಕೆಗಳು ಕೋಶಗಳ ಕೇಂದ್ರವಂತೆ. ಉಳಿದದ್ದೆಲ್ಲ ಗುಲಾಬಿ ಬಣ್ಣದ ನಾರು, ಒತ್ತೊತ್ತಾಗಿ. ರಕ್ತನಾಳ ಹುಡುಕಬೇಕು, ಅಷ್ಟು ಕಡಿಮೆ.

ಅವರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಫೈಬ್ರೋಬ್ಲಾಸ್ಟ್ ಅನ್ನುವ ಕೋಶ ದಾವಣಗೆರೆಯ ಹಳೇ ಕಾಟನ್ ಮಿಲ್ಲಿನಂತೆ. ಕೊಲಾಜೆನ್ ಅನ್ನುವ ನೂಲು ತೆಗೆಯುವುದು ಅದರ ಕೆಲಸ. ಹಳೇ ನೂಲನ್ನು ನುಂಗಿ ಕರಗಿಸುವುದೂ ಅದರದೇ ಕೆಲಸ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ನೂಲು ತೆಗೆಯುವುದನ್ನು ಜಾಸ್ತಿ ಮಾಡಿ, ಕರಗಿಸುವುದನ್ನು ಕಡಿಮೆ ಮಾಡುತ್ತದೆ. ಮಿಲ್ಲು ಮೂರು ಪಾಳಿ ಓಡುತ್ತದೆ, ಗೋದಾಮು ಖಾಲಿಯಾಗುವುದಿಲ್ಲ. ಅಡಿಕೆಯಲ್ಲಿ ತಾಮ್ರವೂ ಜಾಸ್ತಿ. ನೂಲಿಗೆ ನೂಲು ಗಂಟು ಹಾಕುವ ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವಕ್ಕೆ ಬೇಕಾದದ್ದೇ ತಾಮ್ರ. ಇದರ ಮೇಲೆ ಅಡಿಕೆಯ ಒಗರಿನ ಅಂಶ, ಟ್ಯಾನಿನ್. ಚರ್ಮ ಹದ ಮಾಡುವವರು ಬಳಸುವುದು ಅದನ್ನೇ ಅಲ್ವಾ? ಅಡಿಕೆ ಬೇಯಿಸಿದ ಕೆಂಪು ನೀರು, ಅಂದರೆ ಚೊಗರು, ಕುದಿಸಿ ಕೈ ಕೆಂಪು ಮಾಡಿಕೊಂಡವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗನ ಕೆನ್ನೆ ಒಳಗಿನಿಂದ ಹದವಾಗುತ್ತಿತ್ತು.

ಅರೆಕೋಲಿನ್ ವಿಷಯವನ್ನೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲೇ ಕಂಡುಕೊಂಡದ್ದಲ್ವಾ ಅಂತ ಯಾರಾದರೂ ಕೇಳಬಹುದು. ಹೌದು. ಆದರೆ ಅದಕ್ಕೆ ಮನುಷ್ಯರ ಬಾಯಿಯಲ್ಲೇ ಕಂಡ ಸಾಕ್ಷಿಯೂ ಇದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿ 1985ರಲ್ಲಿ ವರದಿ ಮಾಡಿದರು. ಅವರಲ್ಲಿ 5 ಜನರಿಗೆ ಬಾಯಿ ಕ್ಯಾನ್ಸರ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ವರದಿ ಪ್ರಕಟಿಸಿತು. 'ಎಲ್ಲ ತಂಬಾಕಿನ ತಪ್ಪು' ಅಂತ ನಾವು ಅಡಿಕೆ ಮಂಡಿಯಲ್ಲಿ ಕೂತು ಹೇಳುವ ಮಾತು ಅವತ್ತಿಗೇ ಮುಗಿದಿತ್ತು.

ವಾಟ್ಸ್‌ಆ್ಯಪ್‌ನ ಆ ತುಣುಕಿನ ಸುದ್ದಿ ಬರೀ ತಟ್ಟೆಯ ಕೋಶಗಳದ್ದು, ಅದಕ್ಕೆ ಇಂಥ ಬೆನ್ನಾಸರೆ ಇರಲಿಲ್ಲ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ವಿಷಯವಲ್ಲ. ಸೋಪಿನ ನೀರು ಹಾಕಿದರೂ ಸಾಯುತ್ತವೆ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಅಮೆರಿಕದ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದ ಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಿಂದ ಕಲಿತದ್ದು ಬಹಳ. ಆದರೆ ತಟ್ಟೆಗೆ ಸುತ್ತಲಿನ ಒಳ್ಳೆಯ ಕೋಶಗಳ ಚಿಂತೆ ಇಲ್ಲ. ಬಾಯಿಯಲ್ಲಿ ಕೆಟ್ಟದ್ದು ಸತ್ತು ಒಳ್ಳೆಯದು ಉಳಿಯಬೇಕು. ಅದು ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ನೋಡಿ ತಿಳಿಯುವ ಮಾತು.

ಅಡಿಕೆ ಬೆಲೆ ಬೀಳಲಿ ಅಂತ ಬರೆಯುತ್ತಿಲ್ಲ. ನನಗೂ ಭದ್ರಾ ನಾಲೆಯ ಕೆಳಗೆ ಮೂರು ಎಕರೆ ತೋಟ ಇದೆ. ಮನೆಯ ಸೂರು, ಮಗಳ ಓದು ಎಲ್ಲ ರಾಶಿ ಅಡಿಕೆಯದ್ದೇ. ಬೆಳೆದವನಿಗೆ ತನ್ನ ಮಾಲಿನ ಬಗ್ಗೆ ಅರ್ಧ ಸುದ್ದಿ ಸಿಕ್ಕರೆ ಅವನ ಮನೆಯವರೇ ಅದನ್ನು ನಂಬಿ ಜಗಿಯುತ್ತಾರೆ, ಅದು ನನ್ನ ಸಂಕಟ.

ತಮ್ಮಲ್ಲಿ ಕೇಳುವುದು ಇಷ್ಟೇ. ಇಂಥ ಸಂಶೋಧನೆಯ ಸುದ್ದಿ ಹಾಕುವಾಗ ಮೊದಲ ಸಾಲಿನಲ್ಲೇ ತಟ್ಟೆಯ ಕೋಶವೋ, ಇಲಿಯೋ, ಮನುಷ್ಯನೋ ಹೇಳಿಬಿಡಿ. ಒಂದೇ ಪದ ಸಾಕು. ಇನ್ನು ಚನ್ನಗಿರಿ ಕಡೆಯ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ ಆ ಮೂರು ಬೆರಳಿನ ಪರೀಕ್ಷೆ ಮಾಡಿಸಲು ಆರೋಗ್ಯ ಇಲಾಖೆಯನ್ನು ಒತ್ತಾಯಿಸಿ. ಖರ್ಚಿಲ್ಲ, ಯಂತ್ರ ಬೇಡ. ದಾವಣಗೆರೆಯಲ್ಲೇ ಎರಡು ದಂತ ಕಾಲೇಜುಗಳಿವೆ, ಅಲ್ಲಿನ ಹುಡುಗರನ್ನೇ ಕಳಿಸಬಹುದು.

ನಮ್ಮ ಹುಡುಗ ಅಡಿಕೆ ಬಿಟ್ಟು ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಹಲ್ಲುಗಳ ನಡುವೆ ಐಸ್‌ಕ್ರೀಂ ಕಡ್ಡಿ ಜೋಡಿಸಿಕೊಂಡು ವ್ಯಾಯಾಮ ಮಾಡುತ್ತಾನೆ. ಶುರುವಿನಲ್ಲಿ ಹನ್ನೊಂದು ಕಡ್ಡಿ ಹಿಡಿಯುತ್ತಿತ್ತು, ಈಗ ಹದಿಮೂರು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ